ರೈಲು ಹತ್ತಿದ ಹೆಸರು

"ಹಲೋ… ಹಾಂ, ಯಾರ್ರೀ?… ಯಾರು ಮಾತಾಡಾಕತ್ತೀರಿ?… ಜರಾ ಜೋರಾಗಿ ಹೇಳ್ರಿ, ಇದು ದವಾಖಾನಿ ಅದ, ಗದ್ದಲದಾಗ ಏನೂ ಕೇಳಸವಲ್ದು…"

ಪುತಳಾಬಾಯಿಯ ಒಂದು ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಚಮಚೆಯನ್ನು ಬಟ್ಟಲಿಗೇ ಇಳಿಬಿಟ್ಟು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಗುರುತಿಲ್ಲದ ನಂಬರೆಂದರೆ ಅವಳಿಗೆ ಮೊದಲಿನಿಂದಲೂ ಅಂಜಿಕೆ. ದವಾಖಾನೆ ಸೇರಿದ ಮೇಲಂತೂ ಫೋನು ಬಡಿದಾಗಲೆಲ್ಲ ತಾನು ಏನೋ ತಪ್ಪು ಮಾಡಿದ್ದೇನೆ, ಅದನ್ನು ಕೇಳಲಿಕ್ಕೇ ಯಾರೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

"ಯಾವ ಮಾಸ್ತರು?… ಕಮಲಾಪುರ ಸಾಲಿ?… ಅಲ್ಲ ರೀ, ನಮ್ಮ ಮೊಮ್ಮಕ್ಕಳು ಇಲ್ಲೇ ಕಲಬುರಗ್ಯಾಗ ಓದತಾವ, ನೀವು ತಪ್ಪಿ ಹಚ್ಚಿರಬೇಕು… ಹಾಂ?… ಯಾರಿಗಿ ಕೊಡ್ತೀರಿ ಫೋನು?…"

"…ಏ! ಸಪ್ನಾ ಏನ? ಜೈಭೀಮ್ ಜೈಭೀಮ್. ಎಷ್ಟು ಅಂಜಿಸಿದಿ… ಮತ್ತ ನಿನ್ನ ಫೋನಿಗೇನಾತು?… ಹೂಂ, ಚಾರ್ಜ್ ಇಲ್ಲ. ನಿಂದು ಎಂದರ ಇದ್ದಿತ್ತೇನು ಚಾರ್ಜು!"

ಮಾತು ಹಗುರಾಗಿ ಬಂತು, ಎದೆ ಹಗುರಾಗಲಿಲ್ಲ. ಬೆಳಿಗ್ಗೆಯಿಂದ ಅವಳು ಸಪ್ನಾಳ ನಂಬರು ತೆಗೆಯುವುದು, ನೋಡುವುದು, ಮತ್ತೆ ಫೋನು ಸೀರೆಯ ಸೊಂಟಕ್ಕೆ ಸಿಕ್ಕಿಸುವುದು, ಇದನ್ನೇ ಮಾಡುತ್ತಿದ್ದಳು. ಕೇಳಬೇಕಾದ್ದು ಒಂದಿತ್ತು. ಅದನ್ನು ಕೇಳುವುದಕ್ಕಿಂತ ನಾಲಿಗೆ ಬಿದ್ದುಹೋಗುವುದು ಮೇಲು ಅನ್ನಿಸಿತ್ತು. ಈಗ ನೋಡಿದರೆ ಆಕೆಯೇ ಕರೆದಿದ್ದಾಳೆ.

ಸಪ್ನಾ ಅವಳ ಚಿಕ್ಕಪ್ಪನ ಮಗಳು. ಅಪ್ಪ ಸತ್ತು, ತಾಯಿ ಇನ್ನೊಂದು ಮನೆ ಮಾಡಿಕೊಂಡು ಹೋದ ಮೇಲೆ, ಪುತಳಾಬಾಯಿಯ ಜೊತೆ ಒಂದೇ ಗಂಗಾಳದಲ್ಲಿ ಉಂಡು ಬೆಳೆದವಳು. ಅಕ್ಕ ತಂಗಿ ಎಂದರೆ ಅಕ್ಕ ತಂಗಿಯೇ. ಅಕ್ಕ ಈಗ ಕಲಬುರಗಿಯ ಶಹಾಬಜಾರದಲ್ಲಿ, ತಂಗಿ ಕಮಲಾಪುರದ ಹಳೆ ಮನೆಯಲ್ಲಿ.

"ಏನು?… ಹೊಗಿಬಂಡಿ ಕತಿನಾ? ಸಾಲಿ ಹುಡುಗರ ಮುಂದ? ನೀನಾ?… ಹಾಂ ಹಾಂ. ಈಗಿನ ಹುಡುಗರಿಗಿ ಕರಿ ಇಂಜಿನ್ ಅಂದ್ರ ಚಿತ್ರದಾಗಿಂದು, ಹೌದಲ್ಲ… ಕಮಲಾಪುರದಾಗ ಆ ಗಾಡ್ಯಾಗ ಅಷ್ಟು ದೂರ ಹೋಗಿ ಬಂದಾಕಿ ನೀ ಒಬ್ಬಾಕಿ ಅಂದ್ನಾ ಮಾಸ್ತರು? ಖರೆ ಅದ ಬಿಡು. ಶಾಲು ಹೊಚ್ಚತಾರೇನು?… ಹಾರನೂ ಹಾಕತಾರ? ಹಾಕ್ಕೋ, ಹಾಕ್ಕೋ."

"…ಅದಕ್ಕ ನನಗ್ಯಾಕ ಹಚ್ಚೀದಿ?… ಏನಂದಿ?… ಬುತ್ತ್ಯಾಗ ಏನೇನಿತ್ತು ಅಂತ?…"

ಪುತಳಾಬಾಯಿ ತುಟಿ ಬಿಗಿಹಿಡಿದು ಮಂಚದ ಕಡೆ ನೋಡಿದಳು. ಮಂಚದ ಮೇಲೆ ಅವಳ ಅಪ್ಪ ಪೀರಪ್ಪ, ತೊಂಬತ್ತರ ಹತ್ತಿರದ ಮುದುಕ, ಹಲ್ಲು ಕಚ್ಚಿಕೊಂಡು, ಬಾಗಿಲಿನ ಕಡೆ ಕಣ್ಣು ನೆಟ್ಟು ಮಲಗಿದ್ದ. ಅವನ ಗದ್ದದ ಮೇಲೆ ಗಂಜಿ ಒಣಗಿತ್ತು. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ.

"…ಮರತೀಯಾ. ಉಂಡಾಕಿ ಮರತಿ, ಕಟ್ಟಿದಾಕಿ ಮರಿಲಿಲ್ಲ ನೋಡು. ಕೇಳು. ಕಡಕ್ ಜೋಳದ ರೊಟ್ಟಿ. ಶೇಂಗಾದ ಹಿಂಡಿ. ಪುಂಡಿಪಲ್ಯ, ಎಣ್ಣಿ ಜಾಸ್ತಿ ಹಾಕಿ, ಅದು ಮೊದಲನೇ ದಿನಕ್ಕಷ್ಟ. ಡಬ್ಬ್ಯಾಗ ಮಾದಲಿ… ಹೌದು, ನಾನ ಮಾಡತಿದ್ದೆ. ಅವ್ವಗ ಗೊತ್ತಾಗದಂಗ ಒಂದು ಹಿಡಿ ಬೆಲ್ಲ ಹೆಚ್ಚಿಗಿ ಹಾಕತಿದ್ದೆ, ನಿನಗ ಸಿಹಿ ಬೇಕು ಅಂತ. ಆಮ್ಯಾಗ ಕೆಂಪು ಬಾಳಿಕಾಯಿ. ಹಸಿ ಇದ್ದಾಗ ಅರಿವ್ಯಾಗ ಸುತ್ತಿ ಇಟ್ರ ನಾಗಪುರ ಮುಟ್ಟೋದ್ರಾಗ ಹಣ್ಣಾಗತಿದ್ದವು ಅಲ್ಲೇನು?… ಆಗತಿದ್ದವಾ?… ನನಗ್ಯಾಂಗ ಗೊತ್ತಾಗಬೇಕು ಸಪ್ನಾ? ನಾ ಕಾಯಿ ನೋಡೀನಿ. ಹಣ್ಣು ನೋಡಿಲ್ಲ."

ಆ ಕಡೆ ಸಪ್ನಾ ಏನೋ ನಕ್ಕು ಹೇಳಿರಬೇಕು. ಈ ಕಡೆ ಪುತಳಾಬಾಯಿ ನಗಲಿಲ್ಲ.

ಪೀರಪ್ಪ ವಾಡಿಯಲ್ಲಿ ಫಾಯರ್‌ಮನ್ ಆಗಿದ್ದವನು. ಇಂಜಿನ್ನಿನ ಬಾಯಿಗೆ ಕಲ್ಲಿದ್ದಲು ಎರಚುವ ಕೆಲಸ. ಪ್ರತಿ ದಸರೆಗೆ ರಜೆ ಹಾಕಿ ಮನೆಯವರನ್ನು ನಾಗಪುರದ ದೀಕ್ಷಾಭೂಮಿಗೆ ಕರೆದೊಯ್ಯುತ್ತಿದ್ದ. ರೈಲ್ವೆ ನೌಕರರಿಗೆ ಪಾಸು ಸಿಗುತ್ತಿತ್ತು, ಟಿಕೀಟಿನ ಗೊಡವೆಯಿಲ್ಲ. ಆದರೆ ಪಾಸು ಹೆಂಡತಿಗೆ ಮತ್ತು ಸ್ವಂತ ಮಕ್ಕಳಿಗೆ. ಸತ್ತ ತಮ್ಮನ ಮಗಳಿಗೆ ಇಲ್ಲ. ಮನೆಯಲ್ಲಿ ಪೀರಪ್ಪನ ತಾಯಿ, ಕಣ್ಣು ಕಾಣದ ಆಯಿ, ಇದ್ದಳು, ಅವಳಿಗೆ ರೊಟ್ಟಿ ಬಡಿದು ಹಾಕಲು ಒಬ್ಬರು ಉಳಿಯಲೇಬೇಕು. ಸಪ್ನಾಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಪುತಳಾಳಿಗೆ ಬರುತ್ತಿತ್ತು. "ತಂದಿಲ್ಲದ ಕೂಸು, ಈ ವರ್ಷ ಆಕಿ ಬರಲಿ, ಮುಂದಿನ ವರ್ಷ ನೀನು," ಎಂದ ಪೀರಪ್ಪ. ಹೀಗೆ ಪುತಳಾ ಮನೆಯಲ್ಲಿ ಉಳಿದಳು, ಪುತಳಾಳ ಹೆಸರು ರೈಲು ಹತ್ತಿತು. ಗಾಡಿಯೊಳಗೆ, ಪಾಸು ನೋಡಲು ಬರುವ ಟೀಸಿಯ ಮುಂದೆ, ಸಪ್ನಾ ಸಪ್ನಾ ಅಲ್ಲ; ಪೀರಪ್ಪನ ಮಗಳು ಪುತಳಾಬಾಯಿ. ಮನೆಯಲ್ಲಿ ದೊಡ್ಡಪ್ಪ ಎನ್ನುವವಳು ಗಾಡಿ ಹತ್ತಿದೊಡನೆ ಅಪ್ಪ ಎನ್ನಬೇಕು. ರೈಲ್ವೆ ಮಂದಿಯಲ್ಲಿ ಹೀಗೆ ಮಾಡಿದವರು ಇವರೊಬ್ಬರೇ ಅಲ್ಲ. ಅದನ್ನು ಯಾರೂ ತಪ್ಪೆಂದು ತಿಳಿಯಲೂ ಇಲ್ಲ.

ಮುಂದಿನ ವರ್ಷಕ್ಕೊಂದು ಮುಂದಿನ ವರ್ಷ ಹುಟ್ಟುತ್ತಾ ಹೋಯಿತು. ಆಮೇಲೆ ಪುತಳಾಳಿಗೆ ಲಗ್ನವಾಯಿತು. ಲಗ್ನವಾದ ಮಗಳಿಗೆ ಪಾಸಿಲ್ಲ.

"…ಅಲ್ಲ ಅಲ್ಲ, ತಡಿ, ಹಂಗ ಹೇಳಬ್ಯಾಡ ಹುಡುಗರ ಮುಂದ. ವಾಡಿ ಬಿಟ್ರ ಚಿತ್ತಾಪುರ, ಆಮ್ಯಾಗ ಮಳಖೇಡ, ಆಮ್ಯಾಗ ಸೇಡಂ. ತಾಂಡೂರದಾಗ ಇಂಜಿನ್ ನೀರು ಕುಡೀತಿತ್ತು, ಮ್ಯಾಗಿನಿಂದ ಆನಿ ಸೊಂಡಿಲಿನಂಥಾ ಕೊಳವಿ ಇಳೀತಿತ್ತು ಅಂದಿದ್ದಿ… ವಿಕಾರಾಬಾದದಾಗ ಅಲ್ಲ, ತಾಂಡೂರದಾಗ… ನನಗ್ಯಾಂಗ ಗೊತ್ತಂದ್ರ? ನೀನ ಹೇಳಿದ್ದಲ್ಲ! ಒಲಿ ಮುಂದ ಕುಂತು ನಾ ಶೇಂಗಾ ಸುಲೀತಿದ್ದೆ, ನೀ ಅಲ್ಲೇ ಕುಂತು ತಾಂಡೂರದಿಂದ ಕಾಜೀಪೇಟ ತನಕ ಗಾಡಿ ಬಿಡತಿದ್ದಿ. ಬಲ್ಲಾರಶಾ ಮುಟ್ಟೋದ್ರಾಗ ನನ್ನ ಮರದ ತುಂಬ ಶೇಂಗಾಕಾಳು ಆಗತಿತ್ತು."

"…ಹೂಂ. ಡ್ರೈವರ್ ಅಪ್ಪನ ದೋಸ್ತ. ಇಂಜಿನ್ನಿನ ಬಿಸಿನೀರು ತಂದು ಅವ್ವಗ ಚಾ ಮಾಡಾಕ ಕೊಡತಿದ್ದ. ಗೊತ್ತದ… ಕಿಡಕ್ಯಾಗ ಮಾರಿ ಇಟ್ರ ಕಣ್ಣಾಗ ಕಿಡಿ ಬೀಳತಿತ್ತು, ಅವ್ವ ಸೆರಗು ಸುತ್ತಿ ಬಾಯಾಗ ಉಸುರು ಊದಿ ಕಣ್ಣಿಗಿ ಒತ್ತತಿದ್ಳು. ಅದೂ ಗೊತ್ತದ. ಎಲ್ಲಾ ಗೊತ್ತದ ನನಗ. ಟೀಸಿ ಕಂಡಿಲ್ಲ, ಕಿಡಕಿ ಕಂಡಿಲ್ಲ, ಆದ್ರ ಎಲ್ಲಾ ಗೊತ್ತದ."

"ಅರೇ ಪುತಳಾಬಾಯಿ," ಎಂದಳು ಪಕ್ಕದ ಮಂಚದ ಮಸ್ತಾನಬಿ. ಅವಳು ತನ್ನ ಗಂಡನ ಕಾಲು ಒತ್ತುತ್ತಾ ಕೂತಿದ್ದಳು. "ಅಲ್ಲೇ ನಿಂತು ಯಾಕ ಚೀರತೀರಿ, ಕಿಡಕಿ ಕಡಿ ಹೋಗ್ರಿ. ನಮ್ಮ ಮಿಯಾ ಬೆಚ್ಚಿ ಬೀಳಾಕತ್ತಾರ, ಖರೇನ ಗಾಡಿ ಬಂತು ಅಂತ ತಿಳಕೊಂಡು."

ಪುತಳಾಬಾಯಿ ತಲೆಯಾಡಿಸಿ ಕಿಟಕಿಯ ಬಳಿ ಹೋದಳು. ಕೆಳಗೆ ಆಟೋಗಳು ಒಂದರ ಬೆನ್ನಿಗೊಂದು ಒರಗಿ ನಿಂತಿದ್ದವು. ಬಟ್ಟಲು ಇನ್ನೂ ಕೈಯಲ್ಲೇ ಇತ್ತು. ಕೆಳಗಿಟ್ಟರೆ ಅಪ್ಪ ಉಣ್ಣುವುದಿಲ್ಲವೆಂದು ಒಪ್ಪಿಕೊಂಡಂತೆ.

"…ನಂದಾ? ನನ್ನ ನೆನಪು ಕೇಳಾಕತ್ತಿಯೇನು? ಹೊಗಿಬಂಡಿದು?… ಅದ, ಯಾಕಿಲ್ಲ. ಕರೇ ನೀರು… ಹಾಂ, ಕರೇ ನೀರು. ನೀವು ಬಂದ ಮರುದಿನ ನಿಮ್ಮ ಅರಿವಿ ಒಗಿತಿದ್ದೆ ಅಲ್ಲ, ಹಳ್ಳದಾಗ. ನಿನ್ನ ಫ್ರಾಕು, ಅವ್ವನ ಬಿಳಿ ಸೀರಿ. ಎಷ್ಟು ಹಿಂಡಿದ್ರೂ ಮಸಿ ಬರತಿತ್ತು. ಒಗಿಯೋಕಿಂತ ಮೊದಲ ಮೂಸಿ ನೋಡತಿದ್ದೆ. ಇದು ನಾಗಪುರದ ವಾಸನಿ, ಇದು ಇಂಜಿನ್ನಿನ ವಾಸನಿ ಅಂತ. ಆಮ್ಯಾಗ ಕಲ್ಲಿಗಿ ಬಡೀತಿದ್ದೆ. ಭಾಳ ಜೋರ ಬಡೀತಿದ್ದೆ. ಹುಡುಗರಿಗಿ ಇದು ಹೇಳಬ್ಯಾಡ, ಇದರಾಗ ಮಜಾ ಇಲ್ಲ."

"…ಹೋಗೀನಲ್ಲ ಆಮ್ಯಾಗ. ಲಗ್ನ ಆದ ಮ್ಯಾಗ ಲಾರ್‍ಯಾಗ ಹೋಗಿ ಬಂದೆ ನಾಗಪುರಕ್ಕ, ಮಂದ್ಯಾಗ ನಿಂತು. ಹೋಗಿಲ್ಲಂತಲ್ಲ. ಆದ್ರ ಅಷ್ಟೊತ್ತಿಗಿ ನನ್ನ ಹೆಸರು ಎಷ್ಟು ಸಲ ಹೋಗಿ ಬಂದಿತ್ತು, ನನಗಿಂತ ಅದಕ್ಕ ದಾರಿ ಚಲೋ ಗೊತ್ತಿತ್ತು."

ಈ ಮಾತು ಆಡಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಇಷ್ಟು ಕಟುವಾಗಿ ಅನ್ನಬಾರದಿತ್ತು. ಹುಡುಗಿ ತಾನಾಗಿ ಕೇಳಿ ಹೆಸರು ತೆಗೆದುಕೊಂಡಿರಲಿಲ್ಲ. ಆದರೆ ಹಲ್ಲಿನ ಸಂದಿಗೆ ಸಿಕ್ಕ ಶೇಂಗಾ ಸಿಪ್ಪೆಯ ಹಾಗೆ ಈ ಮಾತು ಇಷ್ಟು ವರ್ಷ ನಾಲಿಗೆಗೆ ತಾಗುತ್ತಲೇ ಇತ್ತು.

"…ಅಪ್ಪನಾ? ಹಾಂ, ಹಾನ… ಹ್ಯಾಂಗಿದ್ದಾನಂದ್ರ… ಹಾನ."

ಅಷ್ಟರಲ್ಲಿ ಸಿಸ್ಟರ್ ಬಂದಳು. ಬಟ್ಟಲು ನೋಡಿದಳು, ಪೀರಪ್ಪನ ಗದ್ದ ನೋಡಿದಳು. "ಏನೂ ಹೋಗಿಲ್ಲಲ್ರೀ ಹೊಟ್ಟಿಗಿ? ಡಾಕ್ಟರು ರೌಂಡಿಗೆ ಬಂದಾರ, ಆಚೆ ವಾರ್ಡಿನ್ಯಾಗ ಇದ್ದಾರ. ಅವರು ಬರೋದ್ರಾಗ ಒಂದೀಟರ ಉಣಿಸ್ರಿ. ಇಲ್ಲಂದ್ರ ಮತ್ತ ಮೂಗಿನ್ಯಾಗ ನಳಿಗಿ. ಹೋದ ಸಲ ಕಿತ್ತು ಒಗದಾರ ನಿಮ್ಮ ತಂದಿ, ರಕ್ತ ಬಂತು. ಈ ಸಲ ಕೈ ಕಟ್ಟೋದ ನೋಡ್ರಿ."

"…ಕೇಳಿಸ್ತಾ?… ಹೂಂ, ಸಿಸ್ಟರ್. ಹೌದು, ಕೈ ಕಟ್ಟತಾರಂತ. ಮಂಚಕ್ಕ… ಇಲ್ಲ, ಜ್ವರ ಇಳದದ. ಜ್ವರದ ಮಾತಲ್ಲ. ಉಣವಲ್ಲ. ನಿನ್ನೆ ಮುಂಜಾನಿಯಿಂದ ಬಾಯಿ ತೆಗೆದಿಲ್ಲ… ಯಾಕಂದ್ರ…"

ಪುತಳಾಬಾಯಿ ಕಿಟಕಿಯ ಸರಳು ಹಿಡಿದಳು. ಕಲ್ಲಿದ್ದಲು ಎರಚಿ ಎರಚಿ ಹಲಗೆಯಂತಾಗಿದ್ದ ಅಪ್ಪನ ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು. ಅವನ್ನು ಕಟ್ಟಲು ತಂದ ಬಿಳಿ ಪಟ್ಟಿಯ ಸುರುಳಿಯನ್ನು ಸಿಸ್ಟರ್ ಮಂಚದ ಕಾಲಬದಿಗೆ ಇಟ್ಟು ಹೋಗಿದ್ದಳು.

"…ಸಪ್ನಾ, ಮಾಸ್ತರ ಬಾಜೂಕ ಹಾನೇನು? ಜರಾ ಆಚೆ ಹೋಗು… ಹೋದೇನು?… ಕೇಳು. ಗಾಡ್ಯಾಗ ಅಪ್ಪ ಬುತ್ತಿ ಯಾವಾಗ ಬಿಚ್ಚತಿದ್ದ ಹೇಳು… ಹೂಂ. ಟೀಸಿ ಬಂದು, ಪಾಸು ನೋಡಿ, ನೀ ಹೆಸರು ಹೇಳಿ, ಆತ ಹೋದ ಮ್ಯಾಗನ. ಎಷ್ಟ ಹಸಿವಿ ಆಗಲಿ, ಅದಕ್ಕಿಂತ ಮೊದಲ ಗಂಟಿಗಿ ಕೈ ಹಚ್ಚತಿದ್ದಿಲ್ಲ. ನೀನ ಹೇಳಿದ್ದು… ಈಗೂ ಹಂಗ ಮಾಡಾಕತ್ತಾನ."

"…ಈಗ, ಈಗ. ಇಲ್ಲಿ. ಇದು ಗಾಡಿ ಅಂತ ತಿಳದಾನ. ಮಸ್ತಾನಬಿ ಬುರ್ಖಾ ನೋಡಿ ಹೈದರಾಬಾದಿಗಿ ಹೊಂಟ ಸವಾರಿ ಅಂದ. ಗಂಜಿ ಒಯ್ದೆ. ಟೀಸಿ ಬರಲಿ ಅಂದ. ಬಂದು ಹೋದ ಅಪ್ಪಾ ಅಂದೆ. ಪುತಳಾ ಹೆಸರು ಹೇಳಿದಳೇನು ಅಂದ. ನಾ ಅಂದೆ… ಸಪ್ನಾ, ನಾ ಅಂದೆ, ನಾನ ಪುತಳಾ, ಪೀರಪ್ಪನ ಮಗಳು ಪುತಳಾಬಾಯಿ… ಮಾರಿ ನೋಡಿದ. ಭಾಳ ಹೊತ್ತು ನೋಡಿದ. 'ನೀ ಅಲ್ಲವ್ವ' ಅಂದ. 'ಸುಳ್ಳು ಹೇಳಬ್ಯಾಡ, ಟೀಸಿ ಹಿಡೀತಾನ' ಅಂದ."

ಮಸ್ತಾನಬಿ ಕಾಲು ಒತ್ತುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಇದೆಲ್ಲ ಅವಳ ಕಣ್ಣೆದುರಿಗೇ ನಡೆದದ್ದು. ಆದರೂ ಒಬ್ಬ ಮಗಳು ಅದನ್ನು ತನ್ನ ಬಾಯಿಂದ ಹೇಳುವುದು ಬೇರೆ.

"…ಸುಮ್ಮ ಯಾಕ ಆದಿ? ಹಲೋ?… ಇದ್ದಿಯಲ್ಲ… ನೀ ಬರೋದು ಬ್ಯಾಡ. ಬಸ್ಸು ಹತ್ತಿ ಇಲ್ಲಿ ಮುಟ್ಟೋದ್ರಾಗ ಎಲ್ಲಾ ಮುಗದಿರತದ. ಫೋನ್ ಆತನ ಕಿವಿಗಿ ಹಿಡೀತೀನಿ. ನೀ ಹೇಳಬೇಕು, ಅಷ್ಟ. ಆವಾಗ ಟೀಸಿ ಮುಂದ ಹೇಳತಿದ್ದಿಯಲ್ಲ, ಹಂಗ."

"…ಏನಂದಿ?… ಆಗಂಗಿಲ್ಲ?… ಯಾಕ ಆಗಂಗಿಲ್ಲ? ಆಗ ಆಗತಿತ್ತು, ಈಗ ಆಗಂಗಿಲ್ಲೇನು?… ಆಣಿ? ಯಾವ ಆಣಿ?… ನಿನ್ನ ಲಗ್ನದಾಗ?… ನಿನ್ನ ಹೆಸರು ಕೇಳಿದಾಗ ಬಾಯಾಗ ನನ್ನ ಹೆಸರು ಬಂತು ಅಂತ? ಅದಕ್ಕ ಮತ್ತೆಂದೂ ಆ ಹೆಸರು ನಂದು ಅಂತ ಅನ್ನಂಗಿಲ್ಲಂತ ಆಣಿ ಮಾಡೀದಿ?… ನನಗ ಹೇಳಲಿಲ್ಲಲ್ಲ."

"…ಯಾವ ಟೀಸಿ?… ಹಾಂ?… ವಿಕಾರಾಬಾದದಾಗ?… ಕೈ ಹಿಡಿದು ಕೆಳಗ ಇಳಿಸಿದ್ನಾ! ನಿನ್ನ?… ಅಪ್ಪ ಏನು ಮಾಡಿದ?… ಕಿಡಕ್ಯಾಗಿಂದ ನೋಡಿದ. ಬರೇ ನೋಡಿದ?…"

ಪುತಳಾಬಾಯಿಯ ಧ್ವನಿ ಕೆಳಗಿಳಿಯಿತು. ಒಲೆಯ ಮುಂದೆ ಕೂತು ಅಷ್ಟೊಂದು ಸಲ ಕೇಳಿದ ಆ ರೈಲಿನಲ್ಲಿ ವಿಕಾರಾಬಾದಿನ ಪ್ಲಾಟ್‌ಫಾರ್ಮು ಒಮ್ಮೆಯೂ ಬಂದಿರಲಿಲ್ಲ. ಅಲ್ಲಿ ಫ್ರಾಕು ತೊಟ್ಟ ಹುಡುಗಿಯೊಬ್ಬಳು ಇಂಜಿನ್ನಿನ ಉಗಿಯ ನಡುವೆ ನಿಂತು, ಅಳುತ್ತಾ, ತನ್ನದಲ್ಲದ ಹೆಸರನ್ನು ಕೇಳಿದಷ್ಟು ಸಲವೂ ತಪ್ಪದೆ ಹೇಳಿದ್ದು ಇರಲಿಲ್ಲ.

"…ಹೂಂ… ಹೂಂ… ಅವ್ವ ಹೇಳಬ್ಯಾಡ ಅಂದಿದ್ಳೇನು. ಪುತಳಾಗ ಹೇಳಬ್ಯಾಡ, ಆಕಿ ಮೊದಲ ಅಳಬುರುಕಿ ಅಂತ… ಆಹಾ. ಇಬ್ಬರಿಗೂ ಚಲೋ ಮಾಡ್ಯಾರ ನಮ್ಮ ಮಂದಿ… ಅದಾದ ಮ್ಯಾಗನೂ ಪ್ರತಿ ಸಲ ಹೋದಿ?… ಒಲ್ಲೆ ಅಂತ ಯಾರ ಮುಂದ ಅನ್ನಬೇಕಿತ್ತಂದ್ರ… ಹೌದು. ಅದೂ ಹೌದು. ಮಂದಿ ಅನ್ನ ಉಣ್ಣಾಕಿ ಒಲ್ಲೆ ಅನ್ನಂಗಿಲ್ಲ."

"…ಬುತ್ತಿ ಗಂಟಲಾಗ ಇಳೀತಿದ್ದಿಲ್ಲ?… ಮತ್ತ ಮಾದಲಿ?… ಕಿಡಕ್ಯಾಗಿಂದ?… ಚೆಲ್ಲತಿದ್ದಿ?… ಅಯ್ಯ ನಿನ್ನ. ಒಂದು ಹಿಡಿ ಬೆಲ್ಲ ಹೆಚ್ಚಿಗಿ ಹಾಕತಿದ್ದೆನಲ್ಲ ನಾನು."

ಅವಳು ನಕ್ಕಳು. ಕೇಳಿದರೆ ಕೆಮ್ಮಿದಂತಿತ್ತು ಆ ನಗೆ. ಇಷ್ಟು ವರ್ಷ ಅವಳು ಒಂದು ಕಿಟ್ಟಗಟ್ಟಿದ ಅಸೂಯೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು: ನಾನು ಕಾಣದ್ದನ್ನು ಇವಳು ಕಂಡಳು, ನಾನು ತಿನ್ನದ್ದನ್ನು ಇವಳು ತಿಂದಳು. ಈಗ ಗಂಟು ಬಿಚ್ಚಿದರೆ ಒಳಗೆ ಏನೂ ಇಲ್ಲ. ತಂಗಿ ಸುಖಪಡಲಿಲ್ಲ ಎಂದು ಸಮಾಧಾನವಾಗಬೇಕಿತ್ತೋ ಏನೋ. ಆಗಲಿಲ್ಲ. ಹಾಗಾದರೆ ಆ ಕಾಯಿ ಯಾರಿಗೆ ಹಣ್ಣಾಯಿತು ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

"…ಮತ್ತ ಒಲಿ ಮುಂದ ಕುಂತು ಅಷ್ಟೆಲ್ಲಾ ಚಂದ ಮಾಡಿ ಯಾಕ ಹೇಳತಿದ್ದಿ? ಸೊಂಡಿಲು, ಬಿಸಿನೀರು, ರಾತ್ರಿ ಇಂಜಿನ್ನಿನ ಬಾಯಾಗ ಬೆಂಕಿ ಕಾಣತಿತ್ತು… ಹಾಂ?… ನನಗಾಗಿ?… ನಾ ಹೋಗಿಲ್ಲಂತ ನನಗ ಒಳ್ಳೇದಷ್ಟ ಆರಿಸಿ ಹೇಳತಿದ್ದಿ?…"

ವಾರ್ಡಿನ ಆಚೆ ತುದಿಯಲ್ಲಿ ಬೂಟಿನ ಸದ್ದು, ಮಾತು. ಡಾಕ್ಟರು ಬರುತ್ತಿದ್ದರು. "ಬಾಯೀ, ಬಂದ್ರು," ಎಂದು ಮಸ್ತಾನಬಿ ಪಿಸುಗುಟ್ಟಿದಳು.

"…ಸಪ್ನಾ, ವೇಳ್ಯಾ ಇಲ್ಲ. ಡಾಕ್ಟರ್ ಬಂದಾರ. ನಾ ಮತ್ತೊಮ್ಮೆ ಕೇಳತೀನಿ… ಆಣಿ ಇರಲಿ, ಕೇಳು ಇಲ್ಲಿ. ಆಗ ನನ್ನ ಹೆಸರು ನಿನಗ ಕೊಟ್ಟಾಗ ಯಾರೂ ನನ್ನ ಕೇಳಲಿಲ್ಲ. ನಿನಗೂ ಕೇಳಲಿಲ್ಲ. ಈಗ ನಾನ ಕೊಡಾಕತ್ತೀನಿ. ನನ್ನ ಬಾಯಿಂದ. ತಗೋ… ದಾನ ಅಲ್ಲ, ದೊಡ್ಡಸ್ತಿಕಿ ಅಲ್ಲ, ನನ್ನ ಹೊಟ್ಟಿ ಉರಿಯಾಕತ್ತದ ಹೇಳಬೇಕಂದ್ರ. ಆದ್ರ ಆ ಕೈ ಕಟ್ಟಬಾರದು. ಆ ಕೈ ಕಟ್ಟೋದು ನಾ ನೋಡಂಗಿಲ್ಲ… ಅಳಕೋತ ಹೇಳಿದ್ರೂ ನಡೀತದ. ಆಗೂ ಅಳಕೋತ ಹೇಳತಿದ್ದಿ ಅಂದಿಯಲ್ಲ, ಇನ್ನಷ್ಟು ಗುರುತು ಹತ್ತತದ."

"…ಹೂಂ?… ಹೂಂ. ತಡಿ. ಕೊಡತೀನಿ."

ಅವಳು ಮಂಚದ ಬಳಿ ಓಡಿದಳು. ಫೋನನ್ನು ಅಪ್ಪನ ಕಿವಿಗೆ ಹಿಡಿದಳು. ಆ ಕಡೆಯ ಮಾತು ಅವಳಿಗೆ ಕೇಳಿಸಲಿಲ್ಲ. ತನ್ನ ಹೆಸರು ಇನ್ನೊಬ್ಬಳ ಬಾಯಲ್ಲಿ ಹೇಗಿರುತ್ತದೆಂದು ಆಗಲೂ ಅವಳಿಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಪ್ಪನ ಮುಖದಿಂದ.

"ಹಾಂ…" ಎಂದ ಪೀರಪ್ಪ. "ಯಾರು?… ಹೆಸರು ಹೇಳವ್ವ. ಅಂಜಬ್ಯಾಡ, ಸಾಹೇಬರ ಮುಂದ ಪೂರಾ ಹೇಳು… ಯಾರ ಮಗಳು?… ಹಾಂ… ಹಾಂ…"

ಅವನ ದವಡೆ ಸಡಿಲಾಯಿತು. ಹಣೆಯ ಗೆರೆಗಳು ಒಂದೊಂದಾಗಿ ಮಲಗಿದವು. ಬಾಗಿಲಿಗೆ ನೆಟ್ಟಿದ್ದ ಕಣ್ಣು ಅಲ್ಲಿಂದ ಕಿತ್ತು ಬಂತು.

"ಹೋದ ಟೀಸಿ," ಎಂದ. "ಅಳಬ್ಯಾಡ ಪುತಳಾ. ಹೋದ ಆತ. ಇನ್ನ ಬುತ್ತಿ ಬಿಚ್ಚು."

ಮತ್ತು ಬಾಯಿ ತೆರೆದ.

ಪುತಳಾಬಾಯಿ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಬಟ್ಟಲನ್ನು ಮಂಚದ ಮೇಲಿಟ್ಟು ಚಮಚೆ ಎತ್ತಿದಳು. ಅರ್ಧ ಗದ್ದದ ಮೇಲೆ ಚೆಲ್ಲಿತು. ಉಳಿದರ್ಧ ಒಳಗೆ ಹೋಯಿತು. ಗಂಟಲು ಏರಿ ಇಳಿಯಿತು. ಡಾಕ್ಟರರ ಹಿಂದೆ ಬಂದ ಸಿಸ್ಟರ್ ಅದನ್ನು ನೋಡಿದಳು. ಏನೂ ಹೇಳದೆ ಕಾಲಬದಿಯ ಬಿಳಿ ಪಟ್ಟಿಯನ್ನು ಎತ್ತಿಕೊಂಡಳು. ಡಾಕ್ಟರು ಕಾಗದದ ಮೇಲೆ ಕಣ್ಣಾಡಿಸಿ, "ಹೀಂಗ ಉಣ್ಣಲಿ," ಎಂದು ಮುಂದಿನ ಮಂಚಕ್ಕೆ ಹೋದರು.

ಪೀರಪ್ಪ ನುಂಗುತ್ತಾ ಫೋನಿನೊಳಗೆ ಮಾತಾಡುತ್ತಲೇ ಇದ್ದ. ಎಷ್ಟೋ ದಿನದ ಮೇಲೆ ಅವನಿಗೆ ಮಾತು ಬಂದಿತ್ತು.

"ಪುತಳಾ… ಕೇಳಸ್ತಾ?… ಮುಂದಿನ ವರ್ಷ ಆ ಇನ್ನೊಂದು ಹುಡುಗೀನೂ ಕರಕೊಂಡು ಬರೂಣು ನೋಡು… ಅದ, ಊರಾಗಿನಾಕಿ. ಒಲಿ ಮುಂದ ಕುಂದರತಾಳಲ್ಲ. ಪಾಪ, ಬುತ್ತಿ ಕಟ್ಟತಾಳ, ಕಟ್ಟಿ ಬಾಗಿಲಾಗ ನಿಂದರತಾಳ. ಗಾಡಿ ಹತ್ತತೀನಿ ಅಂತ ಒಂದು ದಿನ ಬಾಯಿ ಬಿಟ್ಟು ಕೇಳಿಲ್ಲ ಅದು… ನನಗ ಗೊತ್ತಾಗಂಗಿಲ್ಲೇನು? ನನಗ ಗೊತ್ತಾಗತದ… ಆಕಿ ಹೆಸರೇನವ್ವ?… ಹಾಂ?… ಅಲ್ಲ ಅಲ್ಲ, ಪುತಳಾ ನೀನು. ನಾ ಆಕಿ ಹೆಸರು ಕೇಳಾಕತ್ತೀನಿ… ಸಪ್ನಾ. ಹಾಂ, ಸಪ್ನಾನ ಇರಬೇಕು."

ಪುತಳಾಬಾಯಿಯ ಕೈಯಲ್ಲಿ ಚಮಚೆ ಗಾಳಿಯಲ್ಲೇ ನಿಂತಿತು.

"ಕರಕೊಂಡು ಬರಬೇಕು ಖರೆ," ಎಂದ ಪೀರಪ್ಪ, ಈಗ ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ. "ಆದ್ರ ಹ್ಯಾಂಗ ತರೋದವ್ವ? ಪಾಸಿನ್ಯಾಗ ಇರೋದು ಒಂದ ಹುಡುಗಿ ಹೆಸರು. ಅದು ನಿನಗ ಕೊಟ್ಟೀನಿ. ಆಕಿಗಿ ಕೊಡಾಕ ನನ್ನ ಹಂತೇಕ ಹೆಸರ ಉಳಿದಿಲ್ಲ."

ಮಸ್ತಾನಬಿ ಬುರ್ಖಾದ ತುದಿಯಿಂದ ಮೂಗು ಒರೆಸಿಕೊಂಡು ಆಚೆ ತಿರುಗಿದಳು.

ಪೀರಪ್ಪ ಈಗಷ್ಟೇ ಕಂಡವನಂತೆ ಚಮಚೆ ಹಿಡಿದ ಕೈಯನ್ನು ನೋಡಿದ. ಕೈಯಿಂದ ಮುಖಕ್ಕೆ ಬಂದ. "ನೀ ಯಾರವ್ವ?" ಎಂದು ಕೇಳಿದ. ಕೇಳಿದ್ದರಲ್ಲಿ ಬೆಳಗಿನ ಗದರಿಕೆ ಇರಲಿಲ್ಲ.

ಅವಳಿಗೆ ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಆ ಬಾಯಿ ಮತ್ತೆ ಮುಚ್ಚುತ್ತದೆ.

"ಸಪ್ನಾ," ಎಂದಳು. "ನಾ ಸಪ್ನಾ, ದೊಡ್ಡಪ್ಪ."

"ನೀ ಉಂಡೀಯೇನು?"

"ನೀ ಉಣ್ಣು ಮೊದಲ."

ಅವನು ಒಪ್ಪಿ ಬಾಯಿ ತೆರೆದ. ಅವಳು ಫೋನನ್ನು ಅವನ ಕಿವಿಯಿಂದ ತೆಗೆದು ತನ್ನ ಕಿವಿಗೆ ಇಟ್ಟುಕೊಂಡಳು. ಅದು ಬೆಚ್ಚಗಾಗಿತ್ತು.

"…ಹಲೋ… ಇದ್ದಿಯಲ್ಲ? ಉಣ್ಣಾಕತ್ತಾನ. ಅರ್ಧ ಬಟ್ಟಲ ಆತು… ಅಳೂದೇನದ ಇದರಾಗ. ಕೇಳಿಸ್ತಲ್ಲ ನಿನಗೂ, ಆತ ಅಂದದ್ದು?… ಹಾಂ, ನಾ ಅಂದದ್ದೂ ಕೇಳಿಸ್ತೇನು… ಏನು ಮಾಡೋದು, ನಿನ್ನ ಹೆಸರು ಖಾಲಿ ಬಿದ್ದಿತ್ತು, ಹಾಕ್ಕೊಂಡೆ. ಜರಾ ಬಿಗಿ ಆಗತದ. ನಿನಗೂ ನಂದು ಹಂಗ ಆಗಿರಬೇಕು."

"…ಹೋಗು, ಹುಡುಗರು ಕಾಯಾಕತ್ತಿರಬೇಕು. ಮಾಸ್ತರಗ ಫೋನ್ ಕೊಡು, ಆತನ ರೊಕ್ಕ ಸುಡಬ್ಯಾಡ… ಹೇಳು ಕತಿ, ಯಾಕ ಹೇಳಬಾರದು? ಸೊಂಡಿಲು ಹೇಳು, ಬೆಂಕಿ ಹೇಳು. ತಾಂಡೂರ ಅಂತ ಹೇಳು ಮತ್ತ, ವಿಕಾರಾಬಾದ್ ಅನ್ನಬ್ಯಾಡ… ಆದ್ರ ಸಪ್ನಾ, ಟೀಸಿ ಬಂದದ್ದು ಹೇಳೋ ಮುಂದ… ಹೂಂ, ಅದೂ ಹೇಳು, ಯಾಕ ಮುಚ್ಚಿ ಇಡತಿ ಇನ್ನ… ಟೀಸಿ ಹೆಸರು ಕೇಳಿದ ಅಂದ ಕೂಡಲೆ ಹುಡುಗರು ಕೇಳತಾರ ನೋಡು, ಆಗ ನೀವು ಏನು ಹೆಸರು ಹೇಳಿದ್ರಿ ಅಂತ. ಕೇಳೇ ಕೇಳತಾರ… ಆಗ ಏನು ಹೇಳತಿ?…"

"…ಹಲೋ?… ಕೇಳಸವಲ್ದು. ಏನಂದಿ?… ಯಾವ ಹೆಸರು ಹೇಳತಿ?… ಹಲೋ… ಸಪ್ನಾ?… ಹಲೋ…"

ಫೋನು ಎರಡು ಸಲ ಟುಂಯ್ ಎಂದು ಸುಮ್ಮನಾಯಿತು.

ಪೀರಪ್ಪ ನುಂಗುವುದನ್ನು ನಿಲ್ಲಿಸಿ ಕಿವಿಗೊಟ್ಟ. "ಗಾಡಿ ಬಿಡ್ತೇನವ್ವ?"

"ಬಿಡ್ತು, ದೊಡ್ಡಪ್ಪ," ಎಂದಳು ಪುತಳಾಬಾಯಿ. "ಬಾಯಿ ತೆಗಿ."